ಬು ನಿಂಗ್ ಕಲಿಸಿದ ಓದು

ಮುರ್ತಿನಿಂಗ್ಸಿಹ್ ಎಂಬುದು ಆಕೆಯ ಪೂರ್ತಿ ಹೆಸರು. ಅಷ್ಟುದ್ದ ಕೂಗುವ ಪುರುಸೊತ್ತು ಯಾರಿಗೂ ಇರಲಿಲ್ಲವಾದ್ದರಿಂದ ಪುರ್ವೊಕೆರ್ತೊ ಪಟ್ಟಣದ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಆಕೆ ಬರೀ ಬು ನಿಂಗ್, ಅಂದರೆ ನಿಂಗ್ ಅಮ್ಮ. ವಯಸ್ಸು ಐವತ್ತೆರಡು. ಕಂಪ್ಯೂಟರ್ ವಿಭಾಗದಲ್ಲಿ ಮೊದಲ ವರ್ಷದ ಮಕ್ಕಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವುದು ಆಕೆಯ ಕೆಲಸ. ಡಾಕ್ಟರೇಟ್ ಮಾಡಲಿಲ್ಲ, ವಿದೇಶಕ್ಕೆ ಹೋಗಲಿಲ್ಲ, ವಿಭಾಗದ ಫೋಟೋಗಳಲ್ಲಿ ಸದಾ ಕೊನೆಯ ಸಾಲಿನ ತುದಿಗೆ ನಿಲ್ಲುವವಳು. ಆದರೂ ಕಾರಿಡಾರಿನಲ್ಲಿ ಎದುರಾದರೆ ಮಕ್ಕಳು ಓಡಿಬಂದು ಆಕೆಯ ಕೈ ಹಿಡಿದು ಹಣೆಗೊತ್ತಿಕೊಳ್ಳುತ್ತಿದ್ದರು. ಎಲ್ಲ ಮೇಷ್ಟರ ಕೈಯನ್ನೂ ಹಾಗೆ ಹಣೆಗೊತ್ತಿಕೊಳ್ಳಬೇಕು, ಅದು ನಮ್ಮಲ್ಲಿ ಪದ್ಧತಿ. ಆದರೆ ಓಡಿಬರಬೇಕೆಂಬ ಪದ್ಧತಿಯೇನೂ ಇಲ್ಲ.

ಇಂಥವಳಿಗೆ ಆದದ್ದು ದ್ರೋಹ. ಮಾಡಿದವರು ಇವತ್ತಿಗೂ ಅದನ್ನು ಉಪಕಾರ ಅಂತಲೇ ಕರೆಯುತ್ತಾರೆ. ಹೊಟ್ಟೆ ಉರಿಯುವುದು ಅದಕ್ಕೇ.

ಬು ನಿಂಗ್ ಪ್ರೋಗ್ರಾಂ ಕಲಿತದ್ದು ಬಡತನದಲ್ಲಿ. ಮನೆಯ ಬಡತನವಲ್ಲ, ಯಂತ್ರಗಳ ಬಡತನ. ತೊಂಬತ್ತೊಂದನೆಯ ಇಸವಿ, ಯೋಗ್ಯಕರ್ತದ ಒಂದು ಅಕಾಡೆಮಿ. ನಲವತ್ತು ಜನಕ್ಕೆ ಆರು ಕಂಪ್ಯೂಟರು, ಅದರಲ್ಲೊಂದು ಸದಾ ಕೆಟ್ಟಿರುತ್ತಿತ್ತು. ಒಬ್ಬೊಬ್ಬರ ಪಾಲಿಗೆ ವಾರಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಪ್ರೋಗ್ರಾಂ ಎಡವಟ್ಟಾದರೆ ಮುಂದಿನ ವಾರದವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು. ಹಾಗಾಗಿ ಬಾಡಿಗೆ ಕೋಣೆಯ ಹುಡುಗಿಯರೆಲ್ಲ ಚಾಪೆಯ ಮೇಲೆ ಕಾಗದ ಹರಡಿಕೊಂಡು, ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಗಟ್ಟಿಯಾಗಿ ಓದುತ್ತಿದ್ದರು. "ಈಗ ಈ ಡಬ್ಬೀಲಿ ಐದಿದೆ. ಈಗ ಆರಾಯ್ತು. ಇಲ್ಲಿ ನಿಂತೇಹೋಯ್ತು ನೋಡೇ, ಯಾಕೆ ನಿಲ್ತು?" ಅಂತ ತಲೆ ಕೆರೆದುಕೊಳ್ಳುತ್ತಿದ್ದರು. ಯಂತ್ರ ಇಲ್ಲದೆಯೇ ಪ್ರೋಗ್ರಾಮನ್ನು ತಲೆಯೊಳಗೆ ಓಡಿಸಿ ನೋಡುವುದು ಆಕೆಗೆ ಹಾಗೆ ಒಗ್ಗಿತು.

ಆಮೇಲೆ ಯಂತ್ರಗಳು ದಂಡಿಯಾಗಿ ಬಂದವು, ಓದುವುದು ಹೋಯಿತು. ಬು ನಿಂಗ್ ಕೂಡ ಎಲ್ಲರಂತೆ ಪರದೆಯ ಮೇಲೆ ಸ್ಲೈಡು ಹಾಕಿ, ನಿಯಮ ಹೇಳಿ, ಮನೆಗೆಲಸ ಕೊಟ್ಟು, ಯಂತ್ರ ಒಪ್ಪಿಕೊಂಡ ಪ್ರೋಗ್ರಾಮಿಗೆ ಅಂಕ ಹಾಕಿ ವರ್ಷಗಳನ್ನು ನೂಕಿದಳು. ಈಚೆಗಂತೂ ಕೇಳಿದರೆ ತಾನೇ ಬರೆದುಕೊಡುವ ಯಂತ್ರವೂ ಬಂತು. ಮನೆಗೆಲಸಗಳು ಎಷ್ಟು ನುಣುಪಾದವೆಂದರೆ ಆಕೆಯ ಕೆಂಪು ಪೆನ್ನಿಗೆ ಕೆಲಸವೇ ಇಲ್ಲದಾಯಿತು.

ಐದು ವರ್ಷಗಳ ಹಿಂದೆ ಒಂದು ದಿನ ಗಿಲಾಂಗ್ ಎಂಬ ಹಳೆಯ ವಿದ್ಯಾರ್ಥಿ ಆಕೆಯನ್ನು ಹುಡುಕಿಕೊಂಡು ಬಂದ. ಆಸ್ಪತ್ರೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಅವನಿಗೆ ಕೆಲಸ. ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದ. ಯಾರೋ ಹತ್ತು ವರ್ಷದ ಕೆಳಗೆ ಬರೆದಿದ್ದ ನಲವತ್ತು ಸಾಲಿನ ಪ್ರೋಗ್ರಾಂ.

"ಬು, ಇದು ಏನ್ ಮಾಡುತ್ತೆ ಅಂತ ಸ್ವಲ್ಪ ಹೇಳ್ತೀರಾ? ಮೂರು ತಿಂಗಳಿಂದ ಜೇಬಲ್ಲಿಟ್ಕೊಂಡು ಓಡಾಡ್ತಿದೀನಿ. ಮುಟ್ಟೋಕೆ ಭಯ."

"ನಿಂಗೆ ನಾನು ಎ ಗ್ರೇಡ್ ಕೊಟ್ಟಿದ್ದೆ ಅಲ್ವೇನೋ?"

"ಹೂಂ ಬು. ಹೊಸದಾಗಿ ಬರಿ ಅಂದ್ರೆ ಏನೋ ಒಂದು ಬರೀತೀನಿ. ಇನ್ನೊಬ್ರು ಬರ್ದಿದ್ದು ಓದೋದನ್ನ ಯಾರೂ ಹೇಳ್ಕೊಡ್ಲಿಲ್ಲ."

ಯಾರೂ ಅಂದರೆ ಬೇರೆ ಯಾರೂ ಅಲ್ಲ, ತಾನೇ. ನಾಚಿಕೆಯಿಂದ ಬು ನಿಂಗ್‌ಗೆ ಅಂದು ಊಟ ಸೇರಲಿಲ್ಲ. ಮಗುವಿಗೆ ಅಕ್ಷರ ಓದಲು ಕಲಿಸದೆ ಪತ್ರ ಬರೆಯಲು ಹಚ್ಚುವ ಹುಚ್ಚು ಮೇಷ್ಟರು ಲೋಕದಲ್ಲಿದ್ದಾರೆಯೇ? ಇದ್ದರು, ಅವರಲ್ಲಿ ತಾನೂ ಒಬ್ಬಳು ಅನ್ನಿಸಿತು.

ಹಾಗೆ ಹುಟ್ಟಿದ್ದು ಓದುವ ತರಗತಿ. ಒಂದಿಡೀ ವರ್ಷದ ಭಾನುವಾರಗಳನ್ನು ಸುಟ್ಟು ಬು ನಿಂಗ್ ಹನ್ನೆರಡು ಪ್ರೋಗ್ರಾಂ ಕಟ್ಟಿದಳು. ಒಂದೊಂದೂ ಒಂದೇ ಪುಟ, ಒಂದೊಂದರಲ್ಲೂ ಒಂದು ಹುಳುಕು. ನಾಲ್ಕನೆಯದು ದಿಯೆಂಗ್ ಬೆಟ್ಟದ ಆಲೂಗೆಡ್ಡೆ ಹೊಲದ್ದು. ಒಣಗಾಲದ ಚಳಿಗೆ ಅಲ್ಲಿ ಮಂಜುಗಡ್ಡೆ ಕಟ್ಟಿ ಗಿಡಗಳು ಕರಕಲಾಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಏಳು ರಾತ್ರಿಗಳ ಚಳಿಯ ಲೆಕ್ಕ ಕೊಟ್ಟರೆ ಅವುಗಳಲ್ಲಿ ಬೆಚ್ಚಗಿನ ರಾತ್ರಿ ಯಾವುದೆಂದು ಪ್ರೋಗ್ರಾಂ ಹೇಳಬೇಕು. ಹುಳುಕು ಇರುವುದು ಮೂರನೆಯ ಸಾಲಿನಲ್ಲಿ: 'ಇದುವರೆಗಿನ ಬೆಚ್ಚಗಿನದು ಸೊನ್ನೆ' ಅಂತ ಅಲ್ಲಿ ಶುರುವಾಗುತ್ತದೆ. ಏಳು ರಾತ್ರಿಯೂ ಸೊನ್ನೆಗಿಂತ ಕೆಳಗೇ ಇದ್ದರೆ ಯಾವ ರಾತ್ರಿಯೂ ಆ ಸೊನ್ನೆಯನ್ನು ದಾಟುವುದಿಲ್ಲ. ಆಗ ಪ್ರೋಗ್ರಾಂ ಬೆಟ್ಟದ ಮೇಲೆ ಎಂದೂ ಇರದಿದ್ದ ಒಂದು ರಾತ್ರಿಯನ್ನು ತೋರಿಸಿ ಸುಮ್ಮನಾಗುತ್ತದೆ.

ಪರೀಕ್ಷೆಗೆ ಒಬ್ಬೊಬ್ಬರೇ ಬರಬೇಕು. ಯಂತ್ರವಿಲ್ಲ, ಕಾಗದ ಮಾತ್ರ. ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತ, ಏನಾಗುತ್ತಿದೆ ಅಂತ ಹೇಳುತ್ತ, ಹುಳುಕು ಹುಡುಕಬೇಕು. ಅಂಕ ಹಾಕುವಾಗ ಬು ನಿಂಗ್‌ಳದೊಂದು ವಿಚಿತ್ರ ನಿಯಮವಿತ್ತು. ಸರಾಗವಾಗಿ ಸರಿ ಹೇಳಿದವನಿಗಿಂತ, ಮೊದಲು ತಪ್ಪು ಹೇಳಿ, ತಾನೇ ತಡೆದು, ತಾನೇ ತಿದ್ದಿಕೊಂಡವನಿಗೆ ಹೆಚ್ಚು ಅಂಕ. ಎಡವಿ ಎದ್ದವನಿಗೇ ದಾರಿ ಗೊತ್ತಾಗುವುದು ಅನ್ನುವುದು ಆಕೆಯ ನಂಬಿಕೆ. ನಂಬಿಕೆ ತಪ್ಪಲ್ಲ. ಆದರೆ ಯಾವುದಕ್ಕೆ ಅಂಕ ಸಿಗುತ್ತದೋ ಅದನ್ನು ಮಕ್ಕಳು ಮಾಡಿ ತೋರಿಸುತ್ತಾರೆ ಅನ್ನುವುದನ್ನು ಅಷ್ಟು ವರ್ಷ ಮೇಷ್ಟರ ಕೆಲಸ ಮಾಡಿದವಳು ಮರೆಯಬಾರದಿತ್ತು.

ವಿಭಾಗದ ಮುಖ್ಯಸ್ಥ ಪಾಕ್ ವಿರ್ಯಾಂತೊ ನಗುಮುಖದ ಮನುಷ್ಯ; ಹೆಂಗಸರಿಗೆ ಬು ಇದ್ದಂತೆ ಗಂಡಸರಿಗೆ ಪಾಕ್. ಯೋಜನೆ ಕೇಳಿದವನೇ ಕೆಣಕಿದ.

"ಅಲ್ಲ ಬು, ಇದು ಕಂಪ್ಯೂಟರ್ ವಿಭಾಗನೋ ಶಿಶುವಿಹಾರನೋ? ಎಲ್ಲಾ ಗಟ್ಟಿಯಾಗಿ ಓದ್ಕೊಂಡು ಕೂತ್ರೆ ಪಕ್ಕದ ವಿಭಾಗದವ್ರು ನಗ್ತಾರೆ."

"ಶಿಶುವಿಹಾರದಲ್ಲಿ ಮೊದಲು ಓದಿಸ್ತಾರೆ ಪಾಕ್. ಮೊದಲ ದಿನಾನೇ ಕಾದಂಬರಿ ಬರೀರಿ ಅನ್ನೋದು ನಾವು ಮಾತ್ರ."

ನಮ್ಮ ಬನ್ಯುಮಾಸ್ ಸೀಮೆಯವರು ಕಡ್ಡಿ ಮುರಿದಂತೆ ಮಾತಾಡುವವರು, ಅದಕ್ಕೆ ಯಾರೂ ಮುನಿಯುವುದಿಲ್ಲ. ಪಾಕ್ ವಿರ್ಯಾಂತೊ ನಕ್ಕು ಒಂದು ದಾರಿ ಕೊಟ್ಟ. ಮೊದಲ ವರ್ಷದ ಆರು ತರಗತಿಗಳಲ್ಲಿ ಒಂದನ್ನು ಮಾತ್ರ ಬು ನಿಂಗ್ ತನ್ನಿಷ್ಟದಂತೆ ನಡೆಸಲಿ, ಮೊದಲ ತಂಡ ಪದವಿ ಮುಗಿಸಿ ಹೊರಬೀಳುವವರೆಗೆ, ನಾಲ್ಕು ವರ್ಷ. ಆಮೇಲೆ ಮಂಡಳಿ ಕೂತು ತೀರ್ಮಾನ ಮಾಡುತ್ತದೆ. ಒಪ್ಪಿದರೆ ಆರೂ ತರಗತಿಗೆ ಆಗಲಿ, ಇಲ್ಲವೇ ಆ ಒಂದೂ ನಿಂತುಹೋಗಲಿ. ಬು ನಿಂಗ್ ತನ್ನ ಉಳಿದ ನೌಕರಿಯನ್ನೆಲ್ಲ ಆ ಒಂದು ತೀರ್ಮಾನದ ಮೇಲೆ ಇಟ್ಟಳು.

ಮೊದಲ ವರ್ಷ ಕಷ್ಟವಾಯಿತು. ಮೂವತ್ತೆಂಟರಲ್ಲಿ ಹದಿನಾರು ಮಕ್ಕಳು ಪಾಸಾಗಲಿಲ್ಲ. ಆ ವರ್ಷದ ಒಳ್ಳೆಯ ನೆನಪೆಂದರೆ ಬುಮಿಆಯು ಊರ ಕಡೆಯ ಕಿನಾಂತಿ. ಸಣ್ಣ ದನಿಯ, ಚೂಪು ಕಣ್ಣಿನ ಹುಡುಗಿ. ಒಂಬತ್ತನೆಯ ಪ್ರೋಗ್ರಾಂ ಹಿಡಿದು ನಲವತ್ತು ನಿಮಿಷ ಕೂತಳು. ನಡುವೆ ಅಳು ಬಂತು, ಕಾಗದ ಒದ್ದೆಯಾಯಿತು. ಬು ನಿಂಗ್ ಬಾಯಿ ಬಿಡದೆ ಕಾದಳು. ಕೊನೆಗೆ ಹುಡುಗಿ ಕಣ್ಣೊರೆಸಿಕೊಂಡು, "ಇರಿ ಬು, ಇದು ತನ್ನನ್ನ ತಾನೇ ಎರಡು ಸಲ ಎಣಿಸ್ಕೊಳ್ತಿದೆ," ಅಂದಳು. ಆ ಸಂಜೆ ಬು ನಿಂಗ್ ಮನೆಗೆ ಹೋಗಿ ತಂಗಿಗೆ, "ಇವತ್ತು ಒಂದು ಮಗು ನನ್ನ ಕಣ್ಣೆದುರಿಗೇ ಓದು ಕಲೀತು ಕಣೇ," ಅಂತ ಹೇಳಿ ತಾನೂ ಕಣ್ಣೊರೆಸಿಕೊಂಡಳು.

ಮುಂದಿನ ವರ್ಷದಿಂದ ಕಿನಾಂತಿಯೇ ಆಕೆಯ ಸಹಾಯಕಿ. ಹನ್ನೆರಡು ಪ್ರೋಗ್ರಾಂಗಳ ಪ್ರತಿಗಳಿದ್ದ ಕಬ್ಬಿಣದ ಬೀರುವಿನ ಬೀಗದ ಕೈ ಅವಳ ಬಳಿ. ಪರೀಕ್ಷೆ ಮುಗಿದ ಮೇಲೆ ಕಾಗದಗಳನ್ನು ಎಣಿಸಿ ಒಳಗಿಡುವವಳೂ ಅವಳೇ. ಭಾನುವಾರ ಬು ನಿಂಗ್‌ಳ ಮನೆಯಲ್ಲೇ ಊಟ. ತಂಗಿ ಕರಿದ ಮೆಂಡೋವಾನ್ ಬಜ್ಜಿ ತಟ್ಟೆಗೆ ಬೀಳುವ ಮುಂಚೆಯೇ ಹಸಿಮೆಣಸಿನಕಾಯಿ ಕಚ್ಚಿಕೊಂಡು ಕಾಯುತ್ತಿದ್ದಳು. "ನಿನ್ನ ಸೊಸೆ ಬಂದ್ಲು ನೋಡು," ಅಂತ ತಂಗಿ, ಮದುವೆಯೇ ಆಗದ ಅಕ್ಕನನ್ನು ಛೇಡಿಸುತ್ತಿದ್ದಳು.

ಎರಡನೆಯ ವರ್ಷದಿಂದ ತರಗತಿಯ ದೆಸೆಯೇ ತಿರುಗಿತು. ಒಬ್ಬರೂ ಫೇಲಾಗಲಿಲ್ಲ. ಮಕ್ಕಳು ಕಾಗದ ಹಿಡಿದು ಓದುವುದೇನು, ನಡುವೆ ತಡವರಿಸುವುದೇನು, "ಅಲ್ಲ ಅಲ್ಲ, ಇರಿ ಬು," ಅಂತ ನಿಂತು ಹುಬ್ಬು ಗಂಟಿಕ್ಕುವುದೇನು, ಆಮೇಲೆ ಮುಖ ಅರಳುವುದೇನು. ಒಬ್ಬ ಎರಡನೆಯ ಸಾಲಿನಲ್ಲಿ ಎಡವಿದರೆ ಇನ್ನೊಬ್ಬಳು ಐದನೆಯದರಲ್ಲಿ. ಎಡವಿದವರೆಲ್ಲ ಎದ್ದರು. ಅಷ್ಟು ಜನ ಅಷ್ಟು ಚೆಂದಾಗಿ ಎಡವುವುದು ಲೋಕದಲ್ಲಿ ಉಂಟೇ ಅಂತ ಆಕೆಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಯಸಿದ್ದೇ ಎದುರಿಗೆ ಬಂದು ನಿಂತಾಗ ಚಿವುಟಿ ನೋಡುವವರು ಯಾರು? ಆ ಮೂರು ವರ್ಷ ಬು ನಿಂಗ್ ತನ್ನ ಜೀವನದಲ್ಲೇ ಅತ್ಯಂತ ಸುಖವಾಗಿದ್ದಳು.

ನಾಲ್ಕು ವರ್ಷ ತುಂಬಿದ ಆಗಸ್ಟಿನ ಒಂದು ಮಂಗಳವಾರ ಮಂಡಳಿಯ ಸಭೆ ಸೇರಿತು. ಡೀನ್, ಪಾಕ್ ವಿರ್ಯಾಂತೊ, ಬು ನಿಂಗ್ ಸೇರಿ ಮತ ಹಾಕುವವರು ಒಂಬತ್ತು ಜನ. ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ಅವರೆದುರು ಓದಿ ತೋರಿಸುವುದು, ಊಟದ ಮೇಲೆ ಮತ. ಕಿನಾಂತಿ ಆಗಷ್ಟೇ ಪದವಿ ಮುಗಿಸಿದ್ದಳು. ಓದಲು ಎರಡನೆಯ ವರ್ಷದ ಆಂಗಿತ್ ಎಂಬ ಹುಡುಗನನ್ನು, ನಾಲ್ಕನೆಯ ಪ್ರೋಗ್ರಾಮನ್ನು ಆರಿಸಿದ್ದಳು.

ಬೆಳಿಗ್ಗೆ ಬೇಗ ಬಂದ ಬು ನಿಂಗ್ ಖಾಲಿ ಸಭಾಂಗಣದಲ್ಲಿ ಪರದೆ ಹಚ್ಚಿ ನೋಡಿದಳು. ಗೋಡೆಯಷ್ಟು ದೊಡ್ಡ ಅಕ್ಷರಗಳಲ್ಲಿ, ಮೇಲಿನಿಂದ ಮೂರನೆಯ ಸಾಲಿನಲ್ಲೇ ಆ ಸೊನ್ನೆ. ಆಕೆಗೆ ಮುಜುಗರವಾಯಿತು. ಇಷ್ಟು ಬಟಾಬಯಲಾದ ತಪ್ಪು ಹಿರಿಯರ ಕಣ್ಣಿಗೆ ಹೊಡೆಯುವುದಿಲ್ಲವೇ? ಈ ಹೆಂಗಸಿಗೆ ಇದೂ ಬರುವುದಿಲ್ಲ ಅಂದುಕೊಂಡಾರು. ಮನೆಗೆ ಬಂದವರ ಮುಂದೆ ಬಿರುಕುಬಿಟ್ಟ ತಟ್ಟೆ ಇಡುವ ಪೈಕಿಯವರಲ್ಲ ನಾವು. ಕುಳಿತಲ್ಲೇ ಮೂರನೆಯ ಸಾಲನ್ನು ಸರಿಮಾಡಿದಳು. ಸೊನ್ನೆಯ ಬದಲು ಮೊದಲನೆಯ ರಾತ್ರಿಯಿಂದಲೇ ಶುರು. ಹುಳುಕನ್ನು ಕೆಳಗಿನ ಒಂದು ಸಾಲಿಗೆ ಸಾಗಿಸಿದಳು: ಏಳು ರಾತ್ರಿ ನೋಡಬೇಕಾದ ಪ್ರೋಗ್ರಾಂ ಈಗ ಆರಕ್ಕೇ ನಿಲ್ಲುತ್ತಿತ್ತು. ಅದು ಯಾರ ಕಣ್ಣಿಗೂ ತಟ್ಟನೆ ಬೀಳುವುದಿಲ್ಲ, ಹುಡುಗ ಹುಡುಕಿದಾಗ ಸೊಗಸಾಗಿರುತ್ತದೆ. ಯಾರಿಗೂ ಹೇಳಲಿಲ್ಲ. ಓದಲು ಬರುವವನು ಇದ್ದದ್ದನ್ನು ಓದುತ್ತಾನೆ, ಹೇಳುವುದೇನಿದೆ?

ಹತ್ತು ಗಂಟೆಗೆ ಎಲ್ಲರೂ ಬಂದರು, ಬಾಳೆಲೆಯಲ್ಲಿ ಸುತ್ತಿದ ಅನ್ನದ ತಿಂಡಿ ಲೆಂಪೆರ್ ಬಿಚ್ಚಿಕೊಂಡು ಕೂತರು. ಆಂಗಿತ್ ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟು ಎದ್ದ. ಮೊದಲ ಎರಡು ಸಾಲು ಓದಿ ವಿವರಿಸಿದ. ಮೂರನೆಯದಕ್ಕೆ ಬಂದು ಮುಂದೆ ಹೋದ, ತಡೆದ, ಕಿವಿ ಕೆರೆದುಕೊಂಡ.

"ಇದು ಸರಿ ಇರೋ ಹಾಗೇ ಕಾಣುತ್ತೆ... ಅಲ್ಲ ಅಲ್ಲ, ಇರಿ," ಅಂದ. ಸಭೆ ಲೆಂಪೆರ್ ಅಗಿಯುವುದನ್ನು ನಿಲ್ಲಿಸಿತು. "ಇಲ್ಲಿ ಸೊನ್ನೆಯಿಂದ ಶುರು ಮಾಡಿದಾರೆ. ಕೆಳಗೆ ನಮ್ಮೂರಲ್ಲಾದ್ರೆ ನಡೆಯುತ್ತೆ. ಆದ್ರೆ ಇದು ದಿಯೆಂಗ್. ಅಲ್ಲಿ ಏಳು ರಾತ್ರಿನೂ ಸೊನ್ನೆಗಿಂತ ಕೆಳಗಿದ್ರೆ ಯಾವ ರಾತ್ರಿನೂ ಇದನ್ನ ದಾಟಲ್ಲ. ಇಲ್ಲದೇ ಇರೋ ರಾತ್ರಿ ಒಂದನ್ನ ಈ ಪ್ರೋಗ್ರಾಂ ತೋರಿಸುತ್ತೆ."

ಅವನ ಬೆನ್ನ ಹಿಂದಿನ ಪರದೆಯಲ್ಲಿ ಸೊನ್ನೆ ಎಲ್ಲೂ ಇರಲಿಲ್ಲ.

ಬು ನಿಂಗ್‌ಳ ಕಣ್ಣು ಪರದೆಯಿಂದ ಹುಡುಗನ ಕಡೆಗೆ ಹೋಯಿತು. ಹುಡುಗ ಹೆದರಿದ್ದಾನೆ, ಈಗ ತಿರುಗಿ ನೋಡುತ್ತಾನೆ, ತಿದ್ದಿಕೊಳ್ಳುತ್ತಾನೆ ಅಂತ ಕಾದಳು. ಅವನು ತಿರುಗಲಿಲ್ಲ. ಆರಕ್ಕೇ ನಿಲ್ಲುವ ಸಾಲನ್ನು "ಹೀಗೆ ಏಳೂ ರಾತ್ರಿ ನೋಡುತ್ತೆ," ಅಂತ ಓದಿ ಮುಗಿಸಿದ. ಚಪ್ಪಾಳೆ ಬಿತ್ತು. "ಚಳಿ ಬೆಟ್ಟದವರೆಗೆ ಯೋಚನೆ ಮಾಡ್ತಾನಲ್ಲ, ಇದಪ್ಪಾ ಓದು ಅಂದ್ರೆ," ಅಂದರು ಡೀನ್. ಉಳಿದ ಎಂಟು ಜನರಲ್ಲಿ ಒಬ್ಬರೂ ಪರದೆ ಓದಿರಲಿಲ್ಲ. ಆಂಗಿತ್ ನೇರ ಆಕೆಯ ಬಳಿ ಬಂದು ಕೈಯನ್ನು ಹಣೆಗೊತ್ತಿಕೊಂಡ. "ಚೆನ್ನಾಗಿ ಬಂತಾ ಬು?" ಅಂತ ಕೇಳಿದ. ಅವನ ಮುಖದಲ್ಲಿ ಕಪಟದ ಲವಲೇಶವೂ ಇರಲಿಲ್ಲ.

ಊಟದ ಪೊಟ್ಟಣ ಹಂಚುವ ಗದ್ದಲದಲ್ಲಿ ಬು ನಿಂಗ್ ಕಿನಾಂತಿಯನ್ನು ನೀರಿನ ಕ್ಯಾನಿನ ಹತ್ತಿರ ಹಿಡಿದಳು.

"ಅವನು ಯಾವ ಸಾಲು ಓದಿದ?"

"ಮೂರನೇದು ಬು. ಚೆನ್ನಾಗ್ ಓದ್ದ ಅಲ್ವಾ?"

"ಮೂರನೇ ಸಾಲನ್ನ ಬೆಳಿಗ್ಗೆ ನಾನೇ ಸರಿ ಮಾಡಿದ್ದೆ. ಅಲ್ಲಿ ತಪ್ಪೇ ಇರಲಿಲ್ಲ."

ಕಿನಾಂತಿ ನೀರಿನ ಲೋಟ ಕೆಳಗಿಟ್ಟಳು. "ನನಗೆ ಒಂದು ಮಾತು ಹೇಳ್ಬೇಕಿತ್ತು ಬು," ಅಂದಳು.

"ನಿನಗ್ಯಾಕೆ ಹೇಳ್ಬೇಕಿತ್ತು?"

ಹುಡುಗಿ ಬ್ಯಾಗಿನಿಂದ ಫೋನ್ ತೆಗೆದು, ಒಂದು ಫೈಲು ಬಿಚ್ಚಿ ಆಕೆಯ ಕೈಗಿತ್ತಳು. ಎಂಬತ್ತಾರು ಪುಟ. ಮೇಲೆ 'ಬುತ್ತಿ' ಅಂತ ಹೆಸರು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹಳೆಯ ಪ್ರಶ್ನೆಗಳನ್ನು ದಾಟಿಸುವುದು ನಮ್ಮಲ್ಲಿ ಹೊಸದಲ್ಲ. ಬಸ್ಸು ಹತ್ತುವವರಿಗೆ ಅನ್ನ ಕಟ್ಟಿಕೊಡುವಷ್ಟೇ ಸಹಜ. ಕೊಡದವನನ್ನು ಜಿಪುಣ ಅನ್ನುತ್ತಾರೆ, ಕೊಟ್ಟವನನ್ನು ಕಳ್ಳ ಅನ್ನುವುದಿಲ್ಲ. ಇದು ಬು ನಿಂಗ್‌ಗೂ ಗೊತ್ತು. ಆದರೆ ಈ ಬುತ್ತಿಯಲ್ಲಿ ಇದ್ದದ್ದು ಬರೀ ಪ್ರಶ್ನೆಗಳಲ್ಲ.

ಹನ್ನೆರಡೂ ಪ್ರೋಗ್ರಾಂಗಳಿದ್ದವು. ಒಂದೊಂದರ ಕೆಳಗೆ ವಿವರಣೆ, ಬು ನಿಂಗ್ ತರಗತಿಯಲ್ಲಿ ಆಡುವ ಮಾತಿನಲ್ಲೇ, 'ಡಬ್ಬಿ' ಎಂಬ ಪದವೂ ಸೇರಿದಂತೆ. ನಡುನಡುವೆ ಆವರಣದಲ್ಲಿ ಸೂಚನೆಗಳು. 'ಇಲ್ಲಿ ನಿಲ್ಲಿ. ಕಿವಿ ಅಥವಾ ತಲೆ ಕೆರೆದುಕೊಳ್ಳಿ.' 'ಮೊದಲು ತಪ್ಪು ಹೇಳಿ. ಹಾಜರಿ ಸಂಖ್ಯೆ ಒಂದರಿಂದ ಹತ್ತು ಎರಡನೇ ಸಾಲಲ್ಲಿ ಎಡವಿ, ಹನ್ನೊಂದರಿಂದ ಇಪ್ಪತ್ತು ಐದನೇ ಸಾಲಲ್ಲಿ. ಎಲ್ಲರೂ ಒಂದೇ ಕಡೆ ಎಡವಬೇಡಿ.' 'ಗೊತ್ತಾದ ಕೂಡಲೇ ನಗಬೇಡಿ. ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ನಿಧಾನಕ್ಕೆ ಮುಖ ಅರಳಲಿ. ಬು ನಿಂಗ್‌ಗೆ ಅದು ತುಂಬಾ ಇಷ್ಟ.'

ಕಡೆಯ ಸಾಲನ್ನು ಬು ನಿಂಗ್ ಎರಡು ಸಲ ಓದಿದಳು. ಮೂರು ವರ್ಷ ಆಕೆ ಮನೆಗೆ ಹೊತ್ತುಕೊಂಡು ಹೋದ ಸಂತೋಷವೆಲ್ಲ ಅಲ್ಲಿ ಬರೆದಿತ್ತು, ಯಾರು ಯಾವ ಸಾಲಿನಲ್ಲಿ ಅನ್ನುವುದರ ಸಮೇತ. ನೂರಕ್ಕೂ ಹೆಚ್ಚು ಮಕ್ಕಳು ಎದುರು ಕೂತು ಆಕೆಯ ಮೋರೆ ನೋಡುತ್ತ ಹುಬ್ಬು ಗಂಟಿಕ್ಕಿದ್ದರು. ಪ್ರತಿಯೊಬ್ಬರಿಗೂ ಗೊತ್ತಿತ್ತು. ಆಕೆಗೊಬ್ಬಳಿಗೆ ಗೊತ್ತಿರಲಿಲ್ಲ. ಮೋಸಕ್ಕಿಂತ ಹೆಚ್ಚಾಗಿ ಅದು ಚುಚ್ಚಿತು. ಕಡ್ಡಿ ಮುರಿದಂತೆ ಮಾತಾಡುವ ಊರಿನಲ್ಲಿ ಒಬ್ಬರ ಬಾಯಿಂದಲೂ ಒಂದು ಮಾತು ಹೊರಬರಲಿಲ್ಲವಲ್ಲ.

"ಬೇಲಿಯೇ ಎದ್ದು ಹೊಲ ಮೇಯ್ತು," ಅಂದಳು. "ಬೀಗದ ಕೈ ನಿನ್ನ ಹತ್ರ ಕೊಟ್ಟಿದ್ದೆ."

"ನಿಮ್ಮ ತರಗತಿ ಉಳೀಲಿ ಅಂತ ತಾನೇ ಬು. ವರ್ಷ ವರ್ಷ ಹದಿನಾರು ಜನ ಫೇಲಾಗಿದ್ರೆ ಇವತ್ತು ಈ ಸಭೆ ಇರ್ತಿತ್ತಾ? ಎರಡನೇ ವರ್ಷಕ್ಕೇ ಮುಚ್ಚಿಹಾಕಿರೋರು."

"ಮುಚ್ಚಿದ್ರೆ ಮುಚ್ಚಲಿ. ಆವತ್ತು ನಲವತ್ತು ನಿಮಿಷ ಅತ್ತೆಯಲ್ಲ, ಅದೂ ನಾಟಕನಾ?"

ಕಿನಾಂತಿಯ ಕಣ್ಣು ತುಂಬಿತು. "ಇಲ್ಲ ಬು. ಅದು ನಿಜ. ಅದಕ್ಕೇ ಬರೆದಿಟ್ಟೆ. ನನ್ನ ಹಿಂದೆ ಬರೋ ತಮ್ಮ ತಂಗೀರು ಯಾರೂ ಹಾಗೆ ಅಳೋದು ಬೇಡ ಅಂತ."

ಬು ನಿಂಗ್‌ಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೆಟ್ಟತನಕ್ಕೆ ಮಾಡಿದ್ದರೆ ಬೈದು ಹೊರಗೆ ಹಾಕಬಹುದಿತ್ತು. ಪ್ರೀತಿಗೆ ಮಾಡಿದವಳನ್ನು ಏನು ಮಾಡುವುದು? ಅಳದೆ ಆ ಹುಡುಗಿಗೆ ಓದು ಬರುತ್ತಿರಲಿಲ್ಲ. ಅಷ್ಟು ದುಬಾರಿಯಾಗಿ ಕೊಂಡದ್ದನ್ನು ಹೆಕ್ಕಿ, ಅದರ ಸಿಪ್ಪೆಯನ್ನು ಮಾತ್ರ ಎಲ್ಲರಿಗೂ ಪುಕ್ಕಟೆ ಹಂಚಿದ್ದಳು.

ಊಟದ ಮೇಲೆ ಪಾಕ್ ವಿರ್ಯಾಂತೊ ಮತಕ್ಕೆ ಹಾಕುವ ಮೊದಲು ಬು ನಿಂಗ್ ಎದ್ದು ನಿಂತಳು. ಸುಮ್ಮನೆ ಕೂತಿದ್ದರೆ ಆಕೆ ಗೆಲ್ಲುತ್ತಿದ್ದಳು, ಅದು ಎಲ್ಲರ ಮುಖದಲ್ಲೂ ಬರೆದಿತ್ತು. ಆಂಗಿತ್‌ನ ಹೆಸರು ಕೆಡದಂತೆ, ತಪ್ಪು ತನ್ನದೇ ಎಂಬಂತೆ, ಆದರೆ ಏನನ್ನೂ ಮುಚ್ಚಿಡದೆ ಹೇಳಿದಳು. ಹುಡುಗ ಓದಿದ ಸಾಲು ಪರದೆಯ ಮೇಲೆ ಇರಲೇ ಇಲ್ಲ, ಮಕ್ಕಳು ಓದುತ್ತಿಲ್ಲ, 'ಬುತ್ತಿ' ಎಂಬ ಫೈಲಿನ ಗಿಳಿಪಾಠ ಒಪ್ಪಿಸುತ್ತಿದ್ದಾರೆ. ಆರೂ ತರಗತಿಗೆ ಇದನ್ನು ಹರಡುವುದು ಬೇಡ. ಒಂದೇ ತರಗತಿ ಇನ್ನೆರಡು ವರ್ಷ ಇರಲಿ, ಹೊಸ ಪ್ರೋಗ್ರಾಂ ಕಟ್ಟುತ್ತೇನೆ, ಫೇಲಾಗುವವರು ಫೇಲಾಗಲಿ.

"ಒಂದು ಸಾಲು ತಾನೇ ಬು," ಅಂದ ಪಾಕ್ ವಿರ್ಯಾಂತೊ. "ಹುಡುಗ ಗಾಬರಿಯಾಗಿದ್ದ."

"ಪರದೆ ಇನ್ನೂ ಹಚ್ಚೇ ಇದೆ ಪಾಕ್. ನೀವೇ ಓದಿ. ಹುಳುಕು ಇನ್ನೂ ಅಲ್ಲೇ ಇದೆ, ಯಾವ ಸಾಲು ಹೇಳಿ."

ಒಬ್ಬಿಬ್ಬರು ಕನ್ನಡಕ ಹಾಕಿಕೊಂಡರು. ಹಿಂದಿನ ಕುರ್ಚಿಯಿಂದ ಯಾರೋ, "ಬು, ನಾವಿಲ್ಲಿ ಪರೀಕ್ಷೆಗೆ ಕೂತಿಲ್ಲ," ಅಂದರು. ಎಲ್ಲರೂ ನಕ್ಕು ಹಗುರಾದರು.

"ಆ ಬುತ್ತಿ ಅಂದ್ರಲ್ಲ, ಅದನ್ನ ಕೊಡಿ ನೋಡೋಣ," ಅಂದರು ಡೀನ್. ಕಿನಾಂತಿ ಎದ್ದು ಹೋಗಿ ಫೋನ್ ಕೊಟ್ಟಳು. ಡೀನ್ ಬೆರಳಾಡಿಸುತ್ತ ಹೋದಂತೆ ಮುಖ ಅರಳಿತು. "ಅಲ್ರೀ, ಇದು ಎಷ್ಟು ಅಚ್ಚುಕಟ್ಟಾಗಿದೆ. ಮಾನ್ಯತೆ ಸಮಿತಿಯವ್ರು ಬಂದಾಗ ಮೊದಲು ಕೇಳೋದೇ ಪಠ್ಯ ಎಲ್ಲಿ ಅಂತ. ಹನ್ನೆರಡು ಪಾಠ, ಹನ್ನೆರಡು ವಿವರಣೆ. ಈ ಆವರಣದಲ್ಲಿರೋದನ್ನ ತೆಗೆದು ಅಚ್ಚು ಹಾಕ್ಸಿ. ಲೇಖಕಿ ಬು ನಿಂಗ್, ಸಂಪಾದನೆ ಈ ಹುಡುಗಿ. ಮುಗೀತಲ್ಲ."

ಕೈಯೆತ್ತಿ ಅಂದಾಗ ಎಂಟು ಕೈ ಮೇಲೆದ್ದವು. ವಿರೋಧ ಯಾರಾದರೂ ಇದ್ದಾರೆಯೇ ಅಂತ ಪಾಕ್ ವಿರ್ಯಾಂತೊ ಕಾಗದ ಜೋಡಿಸಿಕೊಳ್ಳುತ್ತ, ವಾಡಿಕೆಗೆಂಬಂತೆ ಕೇಳಿದ. ಬು ನಿಂಗ್ ಕೈ ಎತ್ತಿದಳು. ನಾಲ್ಕು ವರ್ಷ ಕಟ್ಟಿದ್ದರ ವಿರುದ್ಧ ಆಕೆಯೊಬ್ಬಳದೇ ಕೈ. ಗೋಡೆಯ ಪಕ್ಕ ನಿಂತಿದ್ದ ಕಿನಾಂತಿ, "ಬು," ಅಂದಳು, ಅಷ್ಟೇ. ಮೋಸಹೋದವಳು ತಾನು ಎಂಬಂತಿತ್ತು ಆ ದನಿ.

ವಿರೋಧಿಸಿದವರ ಕೈಯಲ್ಲೇ ಪಾಠ ಮಾಡಿಸುವುದು ಸರಿಯಲ್ಲ ಅಂತ ಪಾಕ್ ವಿರ್ಯಾಂತೊ ಎರಡು ದಿನದ ಮೇಲೆ ಮೃದುವಾಗಿ ಹೇಳಿದ. ಬೇಜಾರು ಮಾಡಿಕೊಳ್ಳಬೇಡಿ, ಸ್ವಲ್ಪ ವಿಶ್ರಾಂತಿ ಅಂದುಕೊಳ್ಳಿ ಅಂದ. ಬು ನಿಂಗ್‌ಗೆ ಬೇರೆ ವಿಭಾಗದ ಮಕ್ಕಳಿಗೆ ಟೈಪಿಂಗು, ಪಟ್ಟಿ ಹಾಕುವುದು ಕಲಿಸುವ ಕೆಲಸ ಬಂತು. ಓದುವ ತರಗತಿಗೆ ತಾತ್ಕಾಲಿಕ ಬೋಧಕಿಯಾಗಿ ಕಿನಾಂತಿ. ಅವಳು ಬೇಡವೆನ್ನುತ್ತಾಳೆ ಅಂತ ಬು ನಿಂಗ್ ಒಂದು ವಾರ ಕಾದಳು. ಅವಳು ಬೇಡವೆನ್ನಲಿಲ್ಲ. ಆ ಭಾನುವಾರ ತಂಗಿ, "ಸೊಸೆ ಬರ್ಲಿಲ್ವಾ?" ಅಂತ ಕೇಳಿದಾಗ ಬು ನಿಂಗ್, "ನನಗೆ ಯಾವ ಸೊಸೆನೂ ಇಲ್ಲ," ಅಂದಳು.

ಪಾಠಗಳು ಶುರುವಾಗುವ ಹಿಂದಿನ ದಿನ ಕಿನಾಂತಿ ಆಕೆಯ ಹೊಸ ಕೋಣೆ ಹುಡುಕಿಕೊಂಡು ಬಂದಳು. ಕೈ ಹಿಡಿದು ಹಣೆಗೊತ್ತಿಕೊಂಡಳು. ಬು ನಿಂಗ್ ಕೈ ಎಳೆದುಕೊಳ್ಳಲಿಲ್ಲ, ಕೊಡಲೂ ಇಲ್ಲ.

"ಬು, ಒಂದು ಕೇಳ್ಬೇಕಿತ್ತು. ಆವತ್ತು ಬೆಳಿಗ್ಗೆ ನೀವು ಹೊಸ ಹುಳುಕು ಇಟ್ರಲ್ಲ, ಅದನ್ನೂ ಪುಸ್ತಕಕ್ಕೆ ಸೇರಿಸೋಣ ಅಂತ. ಅದರ ವಿವರಣೆ ನೀವೇ ಹೇಳಿದ್ರೆ ರೆಕಾರ್ಡ್ ಮಾಡ್ಕೊಳ್ತೀನಿ. ನಿಮ್ಮ ಮಾತಲ್ಲೇ ಇದ್ರೆ ಚೆನ್ನ."

ಬು ನಿಂಗ್ ಮೇಜಿನ ಖಾನೆಯಿಂದ, ಆವತ್ತು ತಿದ್ದಿದ ಆ ಒಂದು ಪುಟ ತೆಗೆದು ಮುಂದೆ ಸರಿಸಿದಳು. "ಫೋನ್ ಒಳಗಿಡು. ಕೂತ್ಕೋ. ಗಟ್ಟಿಯಾಗಿ ಓದು, ನಾನು ಕೇಳ್ತೀನಿ," ಅಂದಳು. ದನಿ ಒರಟಾಗಿತ್ತು, ಆದರೆ ಒಳಗೆಲ್ಲೋ ಒಂದು ಆಸೆ ಇನ್ನೂ ಸತ್ತಿರಲಿಲ್ಲ. ಎಷ್ಟೆಂದರೂ ಈ ಹುಡುಗಿ ಒಮ್ಮೆ ನಿಜವಾಗಿ ಓದಿದವಳು.

ಕಿನಾಂತಿ ಕೂತಳು. ಮೊದಲ ಸಾಲು ಓದಿದಳು, ಎರಡನೆಯದು, ಮೂರನೆಯದು. ದನಿ ಸಣ್ಣದಾಗಿ, ಮೊದಲ ವರ್ಷದಲ್ಲಿದ್ದಂತೆಯೇ ಇತ್ತು. ಐದನೆಯ ಸಾಲಿನಲ್ಲಿ ಏನೋ ಹೇಳಹೊರಟು ತಡೆದಳು. "ಅಲ್ಲ ಅಲ್ಲ... ಇರಿ ಬು," ಅಂದಳು. ಹುಬ್ಬು ಗಂಟಿಕ್ಕಿತು. ಕಾಗದದ ಮೇಲೆ ಬಾಗಿ ಹಿಂದಿನ ಸಾಲಿಗೆ ಬೆರಳು ಸರಿಸಿದಳು. ಆಮೇಲೆ ನಿಧಾನಕ್ಕೆ ಅವಳ ಮುಖ ಅರಳಿತು.

ಬು ನಿಂಗ್ ಆ ಮುಖವನ್ನೇ ದಿಟ್ಟಿಸಿ ನೋಡಿದಳು. ಅದು ನಿಜವೋ ನಟನೆಯೋ ಆಕೆಗೆ ಗೊತ್ತಾಗಲಿಲ್ಲ.